ಅಜ್ಜಿ ತಿಪ್ಪಮ್ಮ, ಮರಿಮೊಮ್ಮಗಳು ಆದ್ಯ: ನಡುವೆ ಏನಾಯಿತು?

ನೀವು ಕೇಳಿದ್ದು ಇದು: "ಅಜ್ಜಿ ತಿಪ್ಪಮ್ಮ, ಅಮ್ಮ ಮಂಜುಳ, ನಾನು ಪವಿತ್ರ. ಈಗ ಹುಟ್ಟಿರುವ ಮಗಳಿಗೆ ಮನೆಯವರೆಲ್ಲ ಆದ್ಯ ಅಂತಿದ್ದಾರೆ. ಅಪ್ಪ ಮಾತ್ರ ಅಜ್ಜಿ ಹೆಸರೇ ಆಗಬೇಕು ಅಂತ ಹಟ ಹಿಡಿದಿದ್ದಾರೆ. ಒಂದೇ ಮನೆಯಲ್ಲಿ ಹೆಸರುಗಳು ಇಷ್ಟು ಬದಲಾದದ್ದು ಹೇಗೆ?"

ನಾನು ಭಾಷಾಪಂಡಿತನಲ್ಲ. ಚಳ್ಳಕೆರೆ ಸೀಮೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಹಾಜರಿ ಕೂಗಿ ನಿವೃತ್ತನಾದ ಮೇಷ್ಟ್ರು. ಕೊನೆಯ ಎಂಟು ವರ್ಷ ಹೆಡ್ಮಾಸ್ಟರ್ ಆಗಿದ್ದ ಶಾಲೆಯ ಬೀರುವಿನಲ್ಲಿ 1950ರ ದಶಕದಿಂದ ಹಿಡಿದು ಎಲ್ಲ ಅಡ್ಮಿಷನ್ ರಿಜಿಸ್ಟರುಗಳೂ ಇದ್ದವು. ಅಂಚೆಲ್ಲ ಗೆದ್ದಲು ತಿಂದಿತ್ತು, ಮುಟ್ಟಿದರೆ ಪುಡಿ. ಆದರೂ ವೃದ್ಧಾಪ್ಯ ವೇತನಕ್ಕೋ ಜಮೀನಿನ ಪೋತಿ ಖಾತೆಗೋ ವಯಸ್ಸಿನ ದಾಖಲೆ ಬೇಕು ಅಂತ ಯಾರಾದರೂ ಬರುತ್ತಲೇ ಇದ್ದರು, ನಾನು ತೆಗೆಯುತ್ತಲೇ ಇದ್ದೆ. ಹಾಗೆ ತೆಗೆದೂ ತೆಗೆದೂ ನನಗೆ ಅನ್ನಿಸಿದ್ದು ಇಷ್ಟು: ಹಳೇ ಹೆಸರು ಊರು ಹೇಳುತ್ತಿತ್ತು, ಈಗಿನ ಹೆಸರು ಹುಟ್ಟಿದ ವರ್ಷ ಹೇಳುತ್ತದೆ.

ಮೊದಲ ರಿಜಿಸ್ಟರಿನ ಯಾವ ಪುಟ ತೆಗೆದರೂ ಇವೇ ಹೆಸರುಗಳು: ತಿಪ್ಪೇಸ್ವಾಮಿ, ಓಬಣ್ಣ, ಬೋಸಯ್ಯ, ಮಾರಣ್ಣ, ಮತ್ತೆ ತಿಪ್ಪೇಸ್ವಾಮಿ, ಜುಂಜಣ್ಣ, ಕ್ಯಾತಣ್ಣ, ಪಾಲಯ್ಯ, ತಿಪ್ಪೇರುದ್ರಪ್ಪ. ಹುಡುಗಿಯರು ಪುಟಕ್ಕೆ ಒಬ್ಬರೋ ಇಬ್ಬರೋ: ತಿಪ್ಪಮ್ಮ, ಮಾರಕ್ಕ, ಓಬವ್ವ. ತಿಪ್ಪೇಸ್ವಾಮಿ ಅಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆ. ಮಾರಣ್ಣ, ಮಾರಕ್ಕ ಗೌರಸಮುದ್ರದ ಮಾರಮ್ಮನ ಹರಕೆಯ ಮಕ್ಕಳು. ಜುಂಜಣ್ಣ, ಕ್ಯಾತಣ್ಣ ಅಂದ ತಕ್ಷಣ ಕಾಡುಗೊಲ್ಲರ ಹಟ್ಟಿ ಕಣ್ಣಿಗೆ ಬರುತ್ತದೆ. ಬೋಸಯ್ಯ, ಪಾಲಯ್ಯ ಮ್ಯಾಸಬೇಡರ ಕಡೆಯವರು. ಓಬಣ್ಣನ ಓಬಳ ಆಂಧ್ರದ ಅಹೋಬಲದಿಂದ ನಡೆದು ಬಂದ ದೇವರು. ಹಾಜರಿ ಕೂಗಿದರೆ ತಾಲ್ಲೂಕಿನ ಜಾತ್ರೆಗಳ ಪಟ್ಟಿ ಓದಿದಂತೆ ಇರುತ್ತಿತ್ತು.

ಅಂದು ಹೆಸರನ್ನು ಯಾರೂ "ಆರಿಸುತ್ತಿರಲಿಲ್ಲ". ಹಿರೇಮಗನಿಗೆ ಅಪ್ಪನ ಅಪ್ಪನ ಹೆಸರು, ಮುಗಿಯಿತು. ಇಲ್ಲವೇ ಹರಕೆ. ಎರಡು ಮೂರು ಕೂಸು ಕಳೆದುಕೊಂಡ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಯಲ್ಲಿ ಎತ್ತಿಸಿ, ಮೊರದಲ್ಲಿಟ್ಟುಕೊಂಡು ಒಳಗೆ ತರುತ್ತಿದ್ದರು. ಅದಕ್ಕೆ ತಿಪ್ಪ, ಗುಂಡ, ಹುಚ್ಚಮ್ಮ ಅಂತ ಹೆಸರು. ಜವರಾಯನಿಗೂ ಬೇಡವಾಗಲಿ ಅಂತ. ಸಾಲಾಗಿ ಹೆಣ್ಣೇ ಹುಟ್ಟಿದರೆ ಸಾಕಮ್ಮ. ನಿಮ್ಮ ತಿಪ್ಪಮ್ಮಜ್ಜಿ ನಾಯಕನಹಟ್ಟಿಯ ತಿಪ್ಪಮ್ಮನೋ ತಿಪ್ಪೆಯ ಮೇಲಿಂದ ಎತ್ತಿದ ತಿಪ್ಪಮ್ಮನೋ, ಅಪ್ಪನನ್ನು ಒಮ್ಮೆ ಕೇಳಿ ನೋಡಿ. ಅವರ ಹಟಕ್ಕೆ ಕಾರಣ ಅಲ್ಲೇ ಇದ್ದೀತು.

ಈ ಹೆಸರುಗಳನ್ನು ಮೊದಲು ತಿದ್ದಿದವರು ನಾವೇ, ಮೇಷ್ಟ್ರುಗಳು. ಮಗುವಿನ ಕೈ ತಲೆಯ ಮೇಲಿಂದ ಹಾದು ಇನ್ನೊಂದು ಕಿವಿ ಮುಟ್ಟಿದರೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಿದ್ದ ಕಾಲ. ಹುಟ್ಟಿದ ದಿನ ಯಾರಿಗೆ ನೆನಪು? ಮೇಷ್ಟ್ರು ಜೂನ್ 1 ಅಂತ ಬರೆಯುತ್ತಿದ್ದರು. ಹಳ್ಳಿಯ ಅರ್ಧ ಜನರ ಹುಟ್ಟುಹಬ್ಬ ಒಂದೇ ದಿನ ಬರುವ ಗುಟ್ಟು ಅದು. ಅದೇ ಪೆನ್ನಿನಲ್ಲಿ ತಿಪ್ಪ ತಿಪ್ಪೇಸ್ವಾಮಿಯಾದ, ಗುಂಡ ಗುಂಡಪ್ಪನಾದ. ನನ್ನದೂ ಅದೇ ಕಥೆ, ಮನೆಯಲ್ಲಿ ಓಬ, ಶಾಲೆಯಲ್ಲಿ ಓಬಳೇಶ.

ಇದು ನಮ್ಮ ಸೀಮೆಯದಷ್ಟೇ ಮಾತಲ್ಲ. ಬಸ್ಸಿನಲ್ಲಿ ಪಕ್ಕ ಕೂತವನು ಗವಿಸಿದ್ದಪ್ಪ ಅಂದರೆ ಕೊಪ್ಪಳದವನೇ ಇರಬೇಕು. ಕೊಟ್ರೇಶ ಅಂದರೆ ಕೊಟ್ಟೂರಿನ ಸುತ್ತುಮುತ್ತಿನವನು, ಶರಣಬಸಪ್ಪ ಅಂದರೆ ಕಲಬುರಗಿಯವನು, ಫಕೀರಪ್ಪ ಅಂದರೆ ಶಿರಹಟ್ಟಿ ಮಠದ ಭಕ್ತ. ಮಾದೇಶ, ಮಾದಪ್ಪ ಅಂದರೆ ಕೊಳ್ಳೇಗಾಲದ ಕಡೆ, ನಂಜುಂಡ ಅಂದರೆ ನಂಜನಗೂಡು. ಮೇರುನಟ ರಾಜ್‌ಕುಮಾರ್ ಅವರನ್ನೇ ನೋಡಿ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಮಗನಿಗಿಟ್ಟಿದ್ದು ಮುತ್ತತ್ತಿಯ ಹನುಮಪ್ಪ ಮುತ್ತುರಾಯನ ಹೆಸರು, ಮುತ್ತುರಾಜ. 1954ರಲ್ಲಿ ನಾಯಕನಾದ ಮೊದಲ ಚಿತ್ರಕ್ಕೆ ಅವರು ರಾಜ್‌ಕುಮಾರ್ ಆದರು. ಆ ಹೆಸರಿಗೆ ಊರಿಲ್ಲ, ಯಾವ ಊರಿನವರು ಬೇಕಾದರೂ ನಮ್ಮವ ಅನ್ನಬಹುದು. 1975ರಲ್ಲಿ ಹುಟ್ಟಿದ ಮಗ ಲೋಹಿತ್, ಮುಂದೆ ಪುನೀತ್. ಪುಟ್ಟಸ್ವಾಮಯ್ಯನಿಂದ ಲೋಹಿತ್‌ವರೆಗೆ ಮೂರೇ ತಲೆ.

ರಾಜಕಾರಣಿಗಳ ಮನೆಯಲ್ಲೂ ಇದೇ. ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ, ಅವರ ಮಗ ಕುಮಾರಸ್ವಾಮಿ, ಮೊಮ್ಮಗ ನಿಖಿಲ್. ಅತ್ತ ಮಾಪಣ್ಣ, ಮಲ್ಲಿಕಾರ್ಜುನ ಖರ್ಗೆ, ಪ್ರಿಯಾಂಕ್. ಜಿಲ್ಲೆ ಬೇರೆ, ಜಾತಿ ಬೇರೆ, ಪಕ್ಷ ಬೇರೆ. ಮೊಮ್ಮಗನ ಹೊತ್ತಿಗೆ ಗೌಡ, ಅಣ್ಣ ಎಲ್ಲ ಉದುರಿ ಹೋಗಿರುತ್ತವೆ.

ನಮ್ಮ ರಿಜಿಸ್ಟರಿನಲ್ಲಿ ಈ ತಿರುವು ಕಂಡದ್ದು 1970ರಿಂದ ಈಚೆಗೆ. ರಸ್ತೆ ಬಂತು, ಬಸ್ ಬಂತು, ಧರ್ಮಸ್ಥಳ ಒಂದು ರಾತ್ರಿಯ ಪ್ರಯಾಣವಾಯಿತು. ಹಟ್ಟಿಯ ದೇವರನ್ನು ಬಿಟ್ಟು ನಾಡಿಗೆಲ್ಲ ಗೊತ್ತಿರುವ ದೇವರನ್ನು ಹಿಡಿದರು: ಮಂಜುನಾಥ, ರಾಘವೇಂದ್ರ, ವೆಂಕಟೇಶ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದೇ ಕ್ಲಾಸಿನಲ್ಲಿ ನಾಲ್ಕು ಜನ ಮಂಜುನಾಥ. "ಮಂಜುನಾಥ" ಅಂದರೆ ನಾಲ್ಕು ಕಡೆಯಿಂದ "ಪ್ರೆಸೆಂಟ್ ಸಾರ್". ಕೊನೆಗೆ ಟಿ. ಮಂಜುನಾಥ, ಓ. ಮಂಜುನಾಥ, ಬಿ. ಮಂಜುನಾಥ, ಎಂ. ಮಂಜುನಾಥ ಅಂತ ಕೂಗಲು ಶುರುಮಾಡಿದೆ. ಎಷ್ಟೋ ವರ್ಷದ ಮೇಲೆ ಹೊಳೆಯಿತು: ಟಿ. ಅಂದರೆ ತಿಪ್ಪೇಸ್ವಾಮಿ, ಓ. ಅಂದರೆ ಓಬಣ್ಣ, ಬಿ. ಬೋಸಯ್ಯ, ಎಂ. ಮಾರಣ್ಣ. ಊರದೇವರುಗಳೆಲ್ಲ ಇನಿಷಿಯಲ್ಲಿಗೆ ಸರಿದು ಕೂತಿದ್ದರು.

ಹೆಣ್ಣುಮಕ್ಕಳ ಹೆಸರು ಇನ್ನೂ ಬೇಗ ಬದಲಾಯಿತು. ವಂಶದ ಹೆಸರು ಉಳಿಸುವ ಹೊರೆ ಗಂಡಿನ ತಲೆಯ ಮೇಲಿತ್ತು, ಹೆಣ್ಣಿಗೆ ಹೊಸ ಹೆಸರಿಟ್ಟರೆ ಅಜ್ಜ ಮುನಿಸಿಕೊಳ್ಳುತ್ತಿರಲಿಲ್ಲ. ಟೂರಿಂಗ್ ಟಾಕೀಸಿನಿಂದ ಭಾರತಿ, ಕಲ್ಪನ, ಆರತಿ, ಮಂಜುಳ ಎಲ್ಲರೂ ಶಾಲೆಗೆ ಬಂದರು. ನಿಮ್ಮಮ್ಮ ಮಂಜುನಾಥನ ಮಂಜುಳನೋ ಸಿನಿಮಾದ ಮಂಜುಳನೋ ಹೇಳುವುದು ಕಷ್ಟ. ಆಮೇಲೆ ನಿಮ್ಮ ಸಾಲು: ಪವಿತ್ರ, ಸೌಮ್ಯ, ಶ್ವೇತ, ರೂಪ, ಗಂಡುಮಕ್ಕಳಲ್ಲಿ ನವೀನ್, ಪ್ರವೀಣ್, ಸಂತೋಷ್. ನಟ ಯಶ್ ಹುಟ್ಟುಹೆಸರು ನವೀನ್ ಕುಮಾರ್, ಹುಟ್ಟಿದ್ದು 1986. ಹೆಸರೊಂದನ್ನೇ ಹೇಳಿದ್ದರೂ ನಾನು ವರ್ಷವನ್ನು ಹೆಚ್ಚುಕಮ್ಮಿ ಹೇಳಿಬಿಡುತ್ತಿದ್ದೆ. ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯಾದರು. ಐದಾರು ವರ್ಷ ಕಳೆದ ಮೇಲೆ ನಮ್ಮ ಒಂದನೇ ಕ್ಲಾಸಿಗೆ ಐಶ್ವರ್ಯಗಳು ಬರತೊಡಗಿದರು. ಹೊಲಕ್ಕೆ ಹೋಗುವ ಅವರಮ್ಮಂದಿರ ಹೆಸರು ತಿಪ್ಪಮ್ಮ, ಓಬಕ್ಕ.

ಈಗಿನದು ಮೊಬೈಲ್ ಕಾಲ. ಐನೋರು ನಕ್ಷತ್ರ ನೋಡಿ ಅಕ್ಷರ ಕೊಡುತ್ತಾರೆ, ಮಗುವಿನ ಅಪ್ಪ ಆ ಅಕ್ಷರ ಹಾಕಿ ಹುಡುಕುತ್ತಾನೆ. ಹಿಂದೆ ಆ ಅಕ್ಷರದ ಹೆಸರು ಜಾತಕದಲ್ಲಿ ಇರುತ್ತಿತ್ತು, ಕೂಗುವ ಹೆಸರು ಬೇರೆ. ಈಗ ಅದೇ ಕೂಗುವ ಹೆಸರಾಗಬೇಕು. ಹಸ್ತ ನಕ್ಷತ್ರಕ್ಕೆ ಪು, ಷ, ಣ, ಠ. ಠಕಾರದಲ್ಲಿ ಹುಡುಗಿಗೆ ಏನಂತ ಇಡುತ್ತೀರಿ? ಆರ್ದ್ರೆಗೆ ಕು, ಘ, ಙ, ಛ. ಙಕಾರಕ್ಕಂತೂ ವರ್ಣಮಾಲೆ ಓದಿಸುವಾಗಲೇ ನನಗೆ ಒಂದು ಪದ ಸಿಗುತ್ತಿರಲಿಲ್ಲ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: ಧನ್ವಿತ್, ಮನ್ವಿತ್, ತನ್ವಿತ್, ಚಾರ್ವಿ, ಜಾನ್ವಿ, ಸಾನ್ವಿ. "ಅರ್ಥ ಏನಪ್ಪ?" ಅಂತ ಒಬ್ಬ ಹಳೇ ಶಿಷ್ಯನನ್ನು ಕೇಳಿದೆ. "ಗೂಗಲ್‌ನಲ್ಲಿ ವಿಷ್ಣು ಅಂತ ಇತ್ತು ಸಾರ್" ಅಂದ. ಹಾಗೆ ನೋಡಿದರೆ ಅಲ್ಲಿ ಸಿಗುವ ಗಂಡು ಹೆಸರುಗಳಲ್ಲಿ ಅರ್ಧಕ್ಕೆ ವಿಷ್ಣು ಅಂತಲೇ ಅರ್ಥ. ನನಗೆ ಈ ಹೆಸರುಗಳಲ್ಲಿ ಕೊರತೆ ಅನ್ನಿಸುವುದು ಅರ್ಥವಲ್ಲ, ಬಾಲ. ಅಕ್ಕ, ಅಣ್ಣ, ಅವ್ವ, ಅಪ್ಪ ಅಂತ ಮುಗಿಯುವ ಹೆಸರಿದ್ದರೆ ತೊಟ್ಟಿಲ ಕೂಸನ್ನೂ ನಂಟು ಹಚ್ಚಿಯೇ ಕರೆಯಬೇಕಾಗುತ್ತಿತ್ತು. ಸಾಲುಮರದ ತಿಮ್ಮಕ್ಕ ಹುಟ್ಟಿದ ದಿನದಿಂದಲೇ ಅಕ್ಕ.

ಮುಸ್ಲಿಂ ಮನೆಗಳಲ್ಲೂ ಇದನ್ನೇ ಕಂಡೆ. ಹಳೇ ಪುಟಗಳಲ್ಲಿ ದಾದಾಪೀರ್, ಬುಡೇನ್ ಸಾಬ್, ಹುಸೇನ್ ಸಾಬ್. ದಾದಾಪೀರ್ ಅಂದರೆ ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಗೆ ಹೊತ್ತ ಹರಕೆ. ಆ ಹೆಸರಿಗೂ ಒಂದು ಬೆಟ್ಟ ಇತ್ತು. ಅವರ ಮೊಮ್ಮಕ್ಕಳು ಅಯಾನ್, ಅರ್ಹಾನ್. ಹಾಜರಿಯಲ್ಲಿ ಆರ್ಯನ್ ಪಕ್ಕ ಅಯಾನ್ ಬಂದರೆ ಕೂಗುವಾಗ ಇಬ್ಬರೂ ಏಳುತ್ತಾರೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ತನ್ನ ಮಗನಿಗೆ ನೀಲ್ ಅಂತ ಇಟ್ಟ, ಅಲ್ಲಿಯ ಮೇಷ್ಟ್ರ ನಾಲಿಗೆಗೂ ಹೊರಳಲಿ ಅಂತ. ಅಲ್ಲಿಯ ಸರ್ಕಾರ 1880ರಿಂದ ಈಚೆಗೆ ಯಾವ ವರ್ಷ ಯಾವ ಹೆಸರು ಹೆಚ್ಚು ಅನ್ನುವ ಪಟ್ಟಿ ಇಟ್ಟಿದೆ ಅಂತ ತೋರಿಸಿದ್ದೂ ಅವನೇ. 1946ರವರೆಗೆ ಹುಡುಗಿಯರಲ್ಲಿ ಮೇರಿಯೇ ಮೊದಲು. 1947ರಲ್ಲಿ ಲಿಂಡಾ ಮುಂದೆ ಬಂದಳು. 1970ರಿಂದ 1984ರವರೆಗೆ ಹದಿನೈದು ವರ್ಷ ಬಿಡದೆ ಜೆನ್ನಿಫರ್. ಅಲ್ಲಿಯ ಮೇಷ್ಟ್ರುಗಳೂ ಜೆನ್ನಿಫರ್ ಎ, ಜೆನ್ನಿಫರ್ ಬಿ ಅಂತಲೇ ಕೂಗಿರಬೇಕು, ಪಾಪ.

ಇಷ್ಟು ಹೊತ್ತು ಹಳೇ ಹೆಸರುಗಳ ಪರವಾಗಿ ಮಾತಾಡಿದೆ. ಆದರೆ ಆ ಹೆಸರುಗಳು ಊರಿನ ಜೊತೆಗೆ ಇನ್ನೊಂದನ್ನೂ ಹೇಳುತ್ತಿದ್ದವು. ಒಂದೇ ತಿಪ್ಪೇಸ್ವಾಮಿ ಮೇಲಿನ ಕೇರಿಯಲ್ಲಿದ್ದರೆ "ತಿಪ್ಪೇಸ್ವಾಮಣ್ಣ", ಕೆಳಗಿನ ಕೇರಿಯಲ್ಲಿದ್ದರೆ ಅರವತ್ತು ವರ್ಷದ ಮುದುಕನಾದರೂ "ಲೇ ತಿಪ್ಪ". ತುಳುನಾಡಿನಲ್ಲಿ ದಲಿತರ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರು: ಭಾನುವಾರ ಹುಟ್ಟಿದರೆ ಐತ, ಮಂಗಳವಾರ ಅಂಗಾರ, ಶನಿವಾರ ತನಿಯ. ಅದೇ ಹೆಸರಿನಲ್ಲಿ ಎಸ್. ಅಂಗಾರ ಅವರು ಸುಳ್ಯದಿಂದ ಮತ್ತೆ ಮತ್ತೆ ಗೆದ್ದು ಮಂತ್ರಿಯೂ ಆದರು. ಎಲ್ಲರಿಗೂ ಅಷ್ಟು ನಡೆಯುವುದಿಲ್ಲ.

ತೊಂಬತ್ತರ ದಶಕದ ಒಂದು ಜೂನ್. ಒಬ್ಬ ಅಪ್ಪ ಮಗನನ್ನು ಕರೆದುಕೊಂಡು ಬಂದ. ಹುಡುಗನನ್ನು ಮನೆಯಲ್ಲಿ ಕರೆಯುವುದು ತಿಪ್ಪೇಶ. "ರಿಜಿಸ್ಟರಿಗೆ ಕಿರಣ್ ಅಂತ ಬರ್ಕಳಿ ಸಾರ್" ಅಂದ. ಯಾಕಪ್ಪ, ಹಟ್ಟಿ ತಿಪ್ಪೇಸ್ವಾಮಿ ಏನು ತಪ್ಪು ಮಾಡಿದ ಅಂತ ನಾನು ಬುದ್ಧಿ ಹೇಳಲು ಹೊರಟೆ. ಅವನು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ನಿಂತಿದ್ದ, ಒಳಗೆ ಬಾ ಅಂದರೂ ಬಂದಿರಲಿಲ್ಲ. "ದೇವ್ರು ಮನೇಗೈತೆ ಬಿಡ್ರಿ ಸಾರ್. ನನ್ನ ಹೆಸ್ರು ಕೂಗಿದ್ರೆ ಯಾವ ಕೇರಿ ಅಂತ ಗೊತ್ತಾಗ್ತೈತೆ. ಇವನ್ನ ಕೂಗಿದ್ರೆ ಗೊತ್ತಾಗಬಾರ್ದು." ಮರುಮಾತಿಲ್ಲದೆ ಕಿರಣ್ ಅಂತ ಬರೆದೆ. ಅವತ್ತಿನಿಂದ ಯಾರು ಯಾವ ಹೆಸರು ತಂದರೂ ಅರ್ಥ ಕೇಳುತ್ತೇನೆ, ಬುದ್ಧಿ ಹೇಳುವುದಿಲ್ಲ.

ಈಗ ನಿಮ್ಮ ಮನೆಯ ಜಗಳ. ನಮ್ಮ ಮನೆಯಲ್ಲೂ ನಡೆದಿತ್ತು. ನನ್ನ ತಾಯಿ ಮಾರಕ್ಕ. ಮೊಮ್ಮಗಳು ಹುಟ್ಟಿದಾಗ ಸೊಸೆ ಸಾನ್ವಿ ಅಂದಳು. ತೊಟ್ಟಿಲಿಗೆ ಹಾಕುವ ದಿನ ನನ್ನ ಮಗಳು, ಕೂಸಿಗೆ ಸೋದರತ್ತೆ, ಕಿವಿಯಲ್ಲಿ ಮೂರು ಸಲ ಹೇಳಿದ್ದು ಮಾರಕ್ಕ ಅಂತ. ಹೊರಗೆ ಅಕ್ಕಿಯ ತಟ್ಟೆಯಲ್ಲಿ ಬರೆದದ್ದು ಸಾನ್ವಿ. ಅವಳಿಗೀಗ ಆರು ವರ್ಷ. ಶಾಲೆಯಲ್ಲಿ ಸಾನ್ವಿ. ನನ್ನ ಹೆಂಡತಿ ಅಡುಗೆಮನೆಯಿಂದ "ಮಾರೀ" ಅಂದರೂ "ಏನಜ್ಜೀ" ಅಂತ ಓಡಿ ಬರುತ್ತಾಳೆ.

ಅವಸರ ಮಾತ್ರ ಮಾಡಬೇಡಿ. ಜನನ ನೋಂದಣಿ ಇಪ್ಪತ್ತೊಂದು ದಿನದೊಳಗೆ ಆಗಬೇಕು, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಹೋಗಿ ಬರೆಸಿದರೆ ಶುಲ್ಕವೂ ಇಲ್ಲ, ಆಮೇಲಾದರೆ ತಡವಾದ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ಒಮ್ಮೆ ಬರೆಸಿದ ಮೇಲೆ ಮಾತ್ರ ಆಧಾರ್‌ನಲ್ಲೂ ಶಾಲೆಯಲ್ಲೂ ಒಂದಕ್ಷರ ಹೆಚ್ಚುಕಮ್ಮಿ ಆಗದಂತೆ ನೋಡಿಕೊಳ್ಳಿ. ಆದ್ಯಳಿಗೆ ದೀರ್ಘ ಇದೆಯೋ ಇಲ್ಲವೋ, ಇಂಗ್ಲಿಷಿನಲ್ಲಿ ಒಂದು ಎ ಹಾಕಬೇಕೋ ಎರಡೋ, ಅದನ್ನು ಈಗಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಫಿಡವಿಟ್ಟು ಹಿಡಿದು ಅಲೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ತಿಪ್ಪಮ್ಮ ಅನ್ನುವವರು ಒಬ್ಬರೂ ಇರಲಿಲ್ಲ.