ಒಂದೇ ಎಲೆ ಕಮ್ಮಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮಗ, ವಯಸ್ಸು 26. ಗುರುತಿನ ವಿವರ ಬದಲಿಸಿದೆ. ಮೊಬೈಲ್‌ನಲ್ಲಿ ಪೋಕರ್ ಆಡಿ, ಮಂಡಿಯಿಂದ ಬಂದ ಹಣದಲ್ಲಿ 1,80,000 ರೂಪಾಯಿ ಕಳೆದಿದ್ದರು. ನಮ್ಮಲ್ಲಿಗೆ ಸಮಾಲೋಚನೆಗೆ ಕರೆತಂದದ್ದು ಅಕ್ಕ. ತಮ್ಮನ ಮೊದಲ ಮಾತೇ ಇದು: "ಮೇಡಂ, ನಂಗೆ ಆಟ ಸರಿಯಾಗಿ ಬರಲ್ಲ, ಅದಕ್ಕೇ ಸೋತೆ. ಕಲಿತರೆ ಎಲ್ಲಾ ವಾಪಸ್ ತೆಗಿತೀನಿ."

ಈ ನಂಬಿಕೆ ಬೈದರೆ ಹೋಗುವಂಥದ್ದಲ್ಲ. ಅಕ್ಕನ ಎದುರಿಗೆ, ದುಡ್ಡಿನ ಸೋಂಕಿಲ್ಲದೆ, ಒಂದು ಕಟ್ಟು ಇಸ್ಪೀಟು ಹರವಿದೆವು.

ಟೆಕ್ಸಾಸ್ ಹೋಲ್ಡಮ್ ಎಂಬ ಬಗೆಯ ಪೋಕರ್‌ನಲ್ಲಿ ಕೈಗೆ 2 ಎಲೆ. ಮೇಜಿಗೆ ಮೊದಲು 3, ಆಮೇಲೆ 1, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಅವರ ಕೈಯಲ್ಲಿ ಎರಡು ಆಟೀನು, ಮೇಜಿನ ಮೂರರಲ್ಲಿ ಎರಡು. ಇನ್ನೊಂದು ಬಿದ್ದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಕಾಣದ ಎಲೆ 47, ಅದರಲ್ಲಿ ಆಟೀನು 9. ಉಳಿದೆರಡು ಎಲೆಗಳಲ್ಲಿ ಬರುವ ಸಾಧ್ಯತೆ ಶೇ. 35. ಮೊದಲನೆಯದು ತಪ್ಪಿತೆಂದರೆ 46ರಲ್ಲಿ 9, ಶೇ. 20ಕ್ಕೂ ಕಡಿಮೆ. ಆಗ ಪಾಟ್‌ನಲ್ಲಿ (ಆಡುವವರು ಕಟ್ಟಿದ ಹಣದ ರಾಶಿಯಲ್ಲಿ) 1,000 ಇದ್ದು, ಎದುರಿನವರು ತಮ್ಮ ಕೊನೆಯ 500 ಹಾಕಿದರು ಎನ್ನಿ. ಇವರೂ 500 ಕಟ್ಟಿದರೆ ಒಟ್ಟು 2,000. ನಾಲ್ಕರಲ್ಲಿ ಒಂದು ಸಲವಾದರೂ ಗೆದ್ದರೆ ಮಾತ್ರ ಅಸಲು ಹುಟ್ಟುತ್ತದೆ. ಫ್ಲಶ್ ಐದರಲ್ಲಿ ಒಂದು ಸಲವೂ ಬರದು. ಫೋಲ್ಡ್ ಮಾಡುವುದೇ, ಅಂದರೆ ಎಲೆ ಬಿಡುವುದೇ ಸರಿ. ಸಾಲದ್ದಕ್ಕೆ ಪಾಟ್‌ನಿಂದ ಆಪ್ ಮುರಿದುಕೊಳ್ಳುವ ಕಮಿಷನ್ ಬೇರೆ.

ಲೆಕ್ಕ ಅವರಿಗೆ ಬೇಗ ಹತ್ತಿತು. "ಹಾಗಾದ್ರೆ ರಾತ್ರಿ ಯಾಕೋ ಎಲೆ ಬಿಡಲಿಲ್ಲ?" ಎಂದು ಅಕ್ಕ ಕೇಳಿದಾಗ ಆಟೀನು ಎಕ್ಕದ ಅಂಚನ್ನು ಉಗುರಲ್ಲಿ ಕೆರೆಯುತ್ತ ಕೂತರು. "ಒಂದೇ ಎಲೆ ಕಮ್ಮಿ ಇತ್ತಲ್ಲಕ್ಕ."

ಗಂಟು ಇರುವುದು ಅಲ್ಲೇ. ಕೂದಲೆಳೆಯಲ್ಲಿ ತಪ್ಪಿದ ಸೋಲು ಮನಸ್ಸಿಗೆ ಸೋಲಾಗಿ ಕಾಣುವುದಿಲ್ಲ, ಗೆಲುವಿನ ಹೊಸ್ತಿಲಂತೆ ಕಾಣುತ್ತದೆ. ಆಟ ಎಷ್ಟು ಕಲಿತರೂ ಇದು ವಾಸಿಯಾಗುವುದಿಲ್ಲ.

ಕೊಟ್ಟ ಸಲಹೆ: ಮಂಡಿ ಹಣ ತಂದೆಯ ಖಾತೆಗೇ ಬರಲಿ, ಆ ಖಾತೆಯ ಯುಪಿಐ ಇವರ ಫೋನಿನಿಂದ ತೆಗೆಯಿರಿ. ಕೈಸಾಲವನ್ನು, ಕೊಟ್ಟವರಿಗೆ ಅಕ್ಕನೇ ನೇರವಾಗಿ ಕಂತಿನಲ್ಲಿ ಕಟ್ಟಲಿ. ಇವರ ಕೈಗೆ ಇಡುಗಂಟು ಬೇಡ. ಆಪ್ ಅಳಿಸುವ ಮೊದಲು ಖಾತೆ ಮುಚ್ಚಿ, ಇಲ್ಲದಿದ್ದರೆ ಬೋನಸ್ ಮೆಸೇಜ್ ಬೆನ್ನು ಬಿಡದು. ದುಡ್ಡಿನ ಆನ್‌ಲೈನ್ ಆಟವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಈಗ ಕದ್ದುಮುಚ್ಚಿ ಲಿಂಕ್ ಕಳಿಸುವವರಿಗೆ ಕಟ್ಟಿದ ಹಣಕ್ಕೆ ದಿಕ್ಕಿಲ್ಲ. ರಾತ್ರಿ ಫೋನ್ ಜಗಲಿಯಲ್ಲಿರಲಿ. ಆಸೆ ಕೆರಳಿದರೆ 20 ನಿಮಿಷ ತೋಟಕ್ಕೋ ಕೊಟ್ಟಿಗೆಗೋ ಹೋಗಿಬನ್ನಿ, ಅದು ಏರಿದಂತೆ ಇಳಿಯುತ್ತದೆ. ಸಾಯುವ ಯೋಚನೆ ಸುಳಿದರೆ ಬೆಳಗಿನವರೆಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಯ ಹೊತ್ತಿಗೆ ಒಮ್ಮೆ ಆಡಿ 400 ಕಳೆದಿದ್ದರು. ಅದೇ ರಾತ್ರಿ ಅಕ್ಕನಿಗೆ ಹೇಳಿಯೂ ಇದ್ದರು. ಮುಂದಿನ ಭೇಟಿಯನ್ನು ಅಡಿಕೆ ಮಂಡಿಗೆ ಹೋಗುವ ವಾರಕ್ಕೇ ಇಟ್ಟಿದ್ದೇವೆ.