ಮೊಂಟಾನಾ ಇಲ್ಲದಿದ್ದರೆ ಜೆರ್ರಿ ರೈಸ್ ಇಷ್ಟು ದೊಡ್ಡ ಆಟಗಾರ ಆಗುತ್ತಿದ್ದರೇ?

ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದಲ್ಲಿ ರೈಸ್ ಜೊತೆ ಆಡಿದ ಜೋ ಮೊಂಟಾನಾ ಅಂಥವರು ಚೆಂಡು ಎಸೆದರೆ ಯಾರು ಬೇಕಾದರೂ ಹಿಡಿಯುತ್ತಿದ್ದರಲ್ಲವೇ ಎಂದು ಕೇಳಿದ್ದೀರಿ. ನಾನಿರುವ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಲ್ಲೂ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ನನಗಂತೂ ಒಪ್ಪಿಗೆಯಿಲ್ಲ, ಯಾಕೆಂದು ಹೇಳುತ್ತೇನೆ.

ಈ ಆಟ ನೋಡದವರಿಗಾಗಿ ಮೊದಲು ಒಂದು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ವೈಡ್ ರಿಸೀವರ್ ಓಡಿಹೋಗಿ ಹಿಡಿಯುತ್ತಾನೆ. ಹೀಗೆ ಮುಂದೆ ಸಾಗಿದ ದೂರವನ್ನು ಯಾರ್ಡ್‌ಗಳಲ್ಲಿ ಅಳೆಯುತ್ತಾರೆ, ಎದುರಾಳಿಯ ಗೋಲಿನ ಗೆರೆ ದಾಟಿದರೆ ಟಚ್‌ಡೌನ್. ಎಷ್ಟೋ ಸಲ ರಿಸೀವರ್ ತಿರುಗಿ ನೋಡುವ ಮೊದಲೇ ಚೆಂಡು ಎಸೆದವನ ಕೈಯಿಂದ ಹೊರಟಿರುತ್ತದೆ. ಹಾಗಾಗಿ ಮೊದಲೇ ಮಾತಾಗಿರುವ ಹೆಜ್ಜೆಗೆ, ಮಾತಾಗಿರುವ ಜಾಗದಲ್ಲಿ ಅವನು ಇರಲೇಬೇಕು.

ರೈಸ್ ಬೆಳೆದದ್ದು ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಗಾರೆ ಕೆಲಸದವರು. ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಸಾರುವೆಯ ಮೇಲೆ ನಿಂತು ಹಿಡಿಯುತ್ತಿದ್ದರು. ನಮ್ಮೂರುಗಳಲ್ಲಿ ಮನೆ ಕಟ್ಟುವಾಗ ಈ ಕೆಲಸ ನೋಡಿದವರಿಗೆ ಅದೆಂಥ ಅಭ್ಯಾಸವೆಂದು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಸೇರಿದರು. ಅಲ್ಲಿ ಕೋಚ್ ಆರ್ಚಿ ಕೂಲಿ ಒಂದೇ ಸಲಕ್ಕೆ ಐದು ರಿಸೀವರ್‌ಗಳನ್ನು ಓಡಿಸುತ್ತಿದ್ದರು, ಎಸೆಯುತ್ತಿದ್ದವರು ವಿಲ್ಲಿ ಟಾಟನ್. 1984ರಲ್ಲಿ ಆ ತಂಡದ ಸರಾಸರಿ ಪಂದ್ಯಕ್ಕೆ ಸುಮಾರು 60 ಅಂಕ! ಆ ವರ್ಷ ರೈಸ್ ಒಬ್ಬರದೇ 103 ಕ್ಯಾಚ್, 1,682 ಯಾರ್ಡ್, 27 ಟಚ್‌ಡೌನ್. ಇದರಲ್ಲಿ ಮೊಂಟಾನಾ ಪಾಲು ಏನೂ ಇಲ್ಲ. ಕಾಲೇಜಿನ ಕ್ರೀಡಾಂಗಣಕ್ಕೆ ಈಗ ರೈಸ್-ಟಾಟನ್ ಎಂದೇ ಹೆಸರು.

49ಅರ್ಸ್ ಕೋಚ್ ಬಿಲ್ ವಾಲ್ಷ್ ಹ್ಯೂಸ್ಟನ್‌ನ ಹೋಟೆಲೊಂದರ ಟೀವಿಯಲ್ಲಿ ಈ ಹುಡುಗನ ಆಟ ಕಂಡರು. 1985ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಏರ್ಪಾಡು) ಪೇಟ್ರಿಯಟ್ಸ್ ತಂಡದ ಜೊತೆ ಸರದಿ ಬದಲಾಯಿಸಿಕೊಂಡು 16ನೆಯವರಾಗಿ ಆರಿಸಿಕೊಂಡರು. ಓಟದಲ್ಲಿ ರೈಸ್‌ಗಿಂತ ಚುರುಕಾದವರು ಬಹಳ ಜನ ಇದ್ದರು. ಮೊದಲ ವರ್ಷ ಕೈಗೆ ಬಂದ ಚೆಂಡುಗಳನ್ನೇ ಬಿಟ್ಟು, ತವರಿನ ಜನರಿಂದಲೇ ಕೂಗಿಸಿಕೊಂಡರು. ಎಸೆಯುತ್ತಿದ್ದವರು ಅದೇ ಮೊಂಟಾನಾ, ಇದನ್ನು ಮರೆಯಬೇಡಿ. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಒಂದೇ ರಾತ್ರಿ 241 ಯಾರ್ಡ್ ಗಳಿಸಿದ ಮೇಲೆ ಕೂಗು ನಿಂತಿತು.

ಸೀಸನ್ ಮುಗಿದ ಮೇಲೆ ಸ್ಯಾನ್ ಕಾರ್ಲೋಸ್‌ನ ಎಡ್ಜ್‌ವುಡ್ ಪಾರ್ಕ್‌ನಲ್ಲಿ ಎರಡೂವರೆ ಮೈಲಿಯ ಬೆಟ್ಟದ ದಾರಿಯನ್ನು ಓಡಿ ಹತ್ತುತ್ತಿದ್ದರು. ನಾನು ಆ ದಾರಿ ಹತ್ತಿದ್ದೇನೆ. ನಡೆದು ಹೋದರೂ ಏದುಸಿರು ಬರುವ ಏರು ಅದು. ಪಂದ್ಯದ ಕೊನೆಯ ಹತ್ತು ನಿಮಿಷದಲ್ಲಿ ಎದುರಾಳಿಗಳು ಸೋತು ನಿಂತಾಗ ರೈಸ್ ಇನ್ನೂ ಮೊದಲಿನ ವೇಗದಲ್ಲೇ ಓಡುತ್ತಿದ್ದುದರ ಗುಟ್ಟು ಅಲ್ಲಿದೆ ಎಂದು ನನಗೆ ಅನಿಸಿತು.

1987ರಲ್ಲಿ ಆಟಗಾರರ ಮುಷ್ಕರದಿಂದ ಆಡಿದ್ದು 12 ಪಂದ್ಯ, ಹಿಡಿದ ಟಚ್‌ಡೌನ್ 22. 1989ರ ಜನವರಿಯಲ್ಲಿ ಬೆಂಗಾಲ್ಸ್ ವಿರುದ್ಧ ನಡೆದ ಸೀಸನ್ನಿನ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ 11 ಕ್ಯಾಚ್, 215 ಯಾರ್ಡ್, ಪಂದ್ಯಶ್ರೇಷ್ಠ ಪ್ರಶಸ್ತಿ. ಇದರಲ್ಲಿ ಮೊಂಟಾನಾ ಪಾಲು ದೊಡ್ಡದು, ಒಪ್ಪುತ್ತೇನೆ. ಆದರೆ ರೈಸ್ ಅತಿ ಹೆಚ್ಚು ಯಾರ್ಡ್ ಗಳಿಸಿದ ವರ್ಷ 1995. ಆಗ ಎಸೆದವರು ಸ್ಟೀವ್ ಯಂಗ್, ಅವರು ಗಾಯಗೊಂಡು ಹೊರಗಿದ್ದಾಗ ಎಲ್ವಿಸ್ ಗರ್ಬಾಕ್. ಆದರೂ 122 ಕ್ಯಾಚ್, 1,848 ಯಾರ್ಡ್.

ಕೈಗವಸಿಗೆ ಅಂಟು ಹಚ್ಚಿಕೊಳ್ಳುತ್ತಿದ್ದುದನ್ನು 2015ರಲ್ಲಿ ಅವರೇ ಹೇಳಿಕೊಂಡರು. ನಿಯಮಕ್ಕೆ ವಿರುದ್ಧವಾದ ಕೆಲಸ, ನನಗೆ ಬೇಸರವಾಯಿತು. ಆದರೆ ಎದುರಾಳಿಯಿಂದ ಬಿಡಿಸಿಕೊಂಡು ಹೋಗುವುದಕ್ಕೆ ಅಂಟು ನೆರವಾಗುವುದಿಲ್ಲ.

20 ಸೀಸನ್‌ಗಳಲ್ಲಿ ಒಟ್ಟು 22,895 ಯಾರ್ಡ್, ಅಂದರೆ ಹತ್ತಿರ ಹತ್ತಿರ 21 ಕಿಲೋಮೀಟರ್. ಎರಡನೆಯ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492ಕ್ಕೆ ನಿಂತರು. 40 ತುಂಬಿದ 2002ರ ಸೀಸನ್‌ನಲ್ಲೂ ಓಕ್ಲಂಡ್ ರೈಡರ್ಸ್ ಪರ 1,211 ಯಾರ್ಡ್. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ತಂಡ ಸೋತಿತು, ಆದರೆ ರಿಚ್ ಗ್ಯಾನನ್ ಎಸೆದ ಚೆಂಡು ಹಿಡಿದು ರೈಸ್ 48 ಯಾರ್ಡ್‌ನ ಟಚ್‌ಡೌನ್ ಗಳಿಸಿದರು. ಅಷ್ಟು ಹೊತ್ತಿಗೆ ಮೊಂಟಾನಾ ನಿವೃತ್ತರಾಗಿ ಏಳು ವರ್ಷ ದಾಟಿತ್ತು.