ಓದುಗರ ಪ್ರಶ್ನೆ, ಲೈಬ್ರರಿಯ ಉತ್ತರ: ಹುಡುಕುವುದನ್ನೂ ಕಲಿಯಬೇಕು

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ. ‘ಮೊಬೈಲ್ ಬಳಕೆಯಿಂದ ಹದಿಹರೆಯದವರ ನಿದ್ದೆಯ ಮೇಲೆ ಆಗುವ ಪರಿಣಾಮ’ ಎಂಬ ಪ್ರಾಜೆಕ್ಟ್ ಬರೆಯಬೇಕು. ಗೂಗಲ್‌ನಲ್ಲಿ ಲಕ್ಷಗಟ್ಟಲೆ ಫಲಿತಾಂಶ ಬರುತ್ತವೆ. ಅದೇ ಸಾಲನ್ನು ಕಾಲೇಜು ಲೈಬ್ರರಿಯ ಕ್ಯಾಟಲಾಗ್‌ನಲ್ಲಿ ಹಾಕಿದರೆ ಒಂದೂ ಬರುವುದಿಲ್ಲ. ಲೈಬ್ರರಿಯಲ್ಲಿ ಏನೂ ಇಲ್ಲವೆಂದೇ ತಿಳಿಯಬೇಕೆ?

ಉತ್ತರ: ಖಂಡಿತ ಬೇಡ. ಕ್ಯಾಟಲಾಗ್ ಪುಸ್ತಕದ ಒಳಪುಟಗಳನ್ನು ನೋಡುವುದಿಲ್ಲ. ಶೀರ್ಷಿಕೆ, ಲೇಖಕರ ಹೆಸರು, ವಿಷಯಶೀರ್ಷಿಕೆ (ಪುಸ್ತಕ ಯಾವ ವಿಷಯದ್ದೆಂದು ದಾಖಲೆಯಲ್ಲಿ ಕೊಟ್ಟ ಹೆಸರು), ಕೆಲವೊಮ್ಮೆ ಪರಿವಿಡಿ, ಅದಕ್ಕೆ ಗೊತ್ತಿರುವುದು ಇಷ್ಟೇ. ನೀವು ಕೊಟ್ಟ ಏಳೂ ಪದಗಳು ಒಂದೇ ದಾಖಲೆಯಲ್ಲಿ ಇದ್ದರೆ ಮಾತ್ರ ತೋರಿಸುತ್ತದೆ. ಅಂಥ ಪುಸ್ತಕ ಯಾವ ಲೈಬ್ರರಿಯಲ್ಲೂ ಇರಲಾರದು.

ಮೊದಲು ಕಂಪ್ಯೂಟರ್ ಬಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಿಷಯದಲ್ಲಿರುವುದು ಮೂರು ಪರಿಕಲ್ಪನೆಗಳು: ಮೊಬೈಲ್, ಹದಿಹರೆಯ, ನಿದ್ದೆ. ಮೂರಕ್ಕೂ ಒಂದೊಂದು ಕಂಬಸಾಲು ಎಳೆದು, ಬೇರೆಯವರು ಅದನ್ನೇ ಯಾವ ಯಾವ ಪದಗಳಲ್ಲಿ ಹೇಳಿರಬಹುದು ಎಂದು ಬರೆಯಿರಿ: ಸ್ಮಾರ್ಟ್‌ಫೋನ್, ಸ್ಕ್ರೀನ್ ಟೈಮ್, ಕಿಶೋರರು, ಟೀನೇಜರ್, ಅಡಾಲಸೆಂಟ್, ನಿದ್ರೆ, ನಿದ್ರಾಹೀನತೆ, ಸ್ಲೀಪ್. ‘ಮೇಲೆ’, ‘ಆಗುವ’, ‘ಪರಿಣಾಮ’ ಇವನ್ನು ಹೊಡೆದುಹಾಕಿ. ಹುಡುಕಾಟಕ್ಕೆ ಅವುಗಳಿಂದ ಪ್ರಯೋಜನವಿಲ್ಲ.

ಒಂದೇ ಕಂಬಸಾಲಿನ ಪದಗಳ ನಡುವೆ ‘ಆರ್’ (OR, ಯಾವುದಾದರೂ ಒಂದು ಇದ್ದರೆ ಸಾಕು) ಹಾಕಿ, ಅವನ್ನೆಲ್ಲ ಆವರಣ ಚಿಹ್ನೆಯೊಳಗೆ ಸೇರಿಸಿ. ಕಂಬಸಾಲುಗಳ ನಡುವೆ ‘ಆಂಡ್’ (AND, ಎಲ್ಲವೂ ಇರಬೇಕು) ಹಾಕಿ. ಈ ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪ್ ಮಾಡಿ. ಆವರಣ ಮರೆತರೆ ಹಲವು ಡೇಟಾಬೇಸ್‌ಗಳು ‘ಆಂಡ್’ ಅನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆಗ ನಿದ್ದೆಗೆ ಸಂಬಂಧವೇ ಇಲ್ಲದ ಸ್ಮಾರ್ಟ್‌ಫೋನ್ ಲೇಖನಗಳೂ ಬಂದು ಬೀಳುತ್ತವೆ. ಒಂದು ಪದವಿರುವುದು ಬೇಡವೆನ್ನುವ ‘ನಾಟ್’ (NOT) ಬಳಸುವಾಗ ಹುಷಾರು. ‘ಮಕ್ಕಳು’ ಬೇಡವೆಂದರೆ, ಮಕ್ಕಳನ್ನೂ ಹದಿಹರೆಯದವರನ್ನೂ ಒಟ್ಟಿಗೆ ಅಧ್ಯಯನ ಮಾಡಿದ ಒಳ್ಳೆಯ ಲೇಖನವೂ ಕೈತಪ್ಪುತ್ತದೆ. ಮೂರೂ ಪರಿಕಲ್ಪನೆ ಸೇರಿಸಿದಾಗ ಫಲಿತಾಂಶ ತೀರ ಕಡಿಮೆಯಾದರೆ ಒಂದನ್ನು ಬಿಡಿ. ಪುಸ್ತಕಗಳಿಗೆ ‘ನಿದ್ದೆ’ ಒಂದೇ ಸಾಕಾಗಬಹುದು, ಮೊಬೈಲ್ ವಿಚಾರ ಜರ್ನಲ್ (ಸಂಶೋಧನಾ ಪತ್ರಿಕೆ) ಲೇಖನಗಳಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು ಇದೆ. ನಮ್ಮ ಪದಗಳಿಗೆ ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುತ್ತದೆ, ಯಂತ್ರಕ್ಕೆ ‘ನಿದ್ರೆ’ ಬೇರೆ, ‘ನಿದ್ರೆಯ’ ಬೇರೆ. ‘ನಿದ್ರ’ ಎಂದು ಬರೆದು ಮುಂದೆ ನಕ್ಷತ್ರ ಚಿಹ್ನೆ (ನಿದ್ರ*) ಹಾಕಿದರೆ ನಿದ್ರೆ, ನಿದ್ರೆಯ, ನಿದ್ರಾಹೀನತೆ ಮೂರೂ ಸಿಗುತ್ತವೆ. ‘ನಿದ್ದೆ’ಯನ್ನು ಮಾತ್ರ ಬೇರೆಯಾಗಿ ಸೇರಿಸಬೇಕು. ಕೆಲವು ಕ್ಯಾಟಲಾಗ್‌ಗಳಲ್ಲಿ ನಕ್ಷತ್ರದ ಬದಲು ಬೇರೆ ಚಿಹ್ನೆ ಇರುವುದರಿಂದ ಸಹಾಯ ಪುಟ ನೋಡಿಕೊಳ್ಳಿ. ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಿಸಿದ ಲೈಬ್ರರಿಗಳೂ ಇವೆ, ಆ ಕಾಗುಣಿತದಲ್ಲೂ ಒಮ್ಮೆ ಪ್ರಯತ್ನಿಸಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಅಕ್ಷರ ಜೋಡಿಸಿದ ಪಿಡಿಎಫ್‌ನಲ್ಲಿ ಪದ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ ಸಿಗದು. ಅಲ್ಲಿ ಪರಿವಿಡಿಯನ್ನು ಕಣ್ಣಾರೆ ಓದುವುದೇ ದಾರಿ.

ಒಂದು ಒಳ್ಳೆಯ ಪುಸ್ತಕ ಸಿಕ್ಕಿತೆನ್ನಿ. ಅದರ ದಾಖಲೆ ತೆರೆದು, ಅಲ್ಲಿರುವ ವಿಷಯಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿದರೆ ಅದೇ ವಿಷಯದ ಉಳಿದವೆಲ್ಲ ಸಾಲಾಗಿ ಬರುತ್ತವೆ. ಕಪಾಟಿನ ಬಳಿಯೂ ಹೋಗಿ. ಆದರೆ ಒಂದೇ ಕಪಾಟಿಗೆ ನಿಲ್ಲಬೇಡಿ. ಪುಸ್ತಕಗಳಿಗೆ ವಿಷಯದಂತೆ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ನಿದ್ದೆಯ ಮನಶ್ಶಾಸ್ತ್ರ 154.6ರಲ್ಲಿ, ಶರೀರಕ್ರಿಯೆ 612.821ರಲ್ಲಿ, ನಿದ್ರಾರೋಗಗಳು 616.8498ರಲ್ಲಿ ಇರುತ್ತವೆ. ಮೂರೂ ಬೇರೆ ಬೇರೆ ಸಾಲು. ‘ಲೈಬ್ರರಿಯಲ್ಲಿ ಒಂದೇ ಪುಸ್ತಕ ಇದೆ’ ಎಂದು ಮರಳುವವರಲ್ಲಿ ಬಹಳ ಮಂದಿ ಒಂದೇ ಸಾಲನ್ನು ನೋಡಿರುತ್ತಾರೆ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಇಂಟರ್‌ನೆಟ್‌ನಿಂದಲೋ ಚಾಟ್‌ಬಾಟ್‌ನಿಂದಲೋ ಹಾಗೇ ಇಳಿಸಿಕೊಂಡು ಬರುತ್ತಾರೆ. ವರ್ಷದ ಆರಂಭದಲ್ಲಿ ಲೈಬ್ರರಿ ತೋರಿಸಿ ಎಲ್ಲ ವಿವರಿಸಿದ್ದೇವೆ. ಆದರೂ ಏಕೆ ಹೀಗೆ?

ಉತ್ತರ: ಆ ಆರಂಭದ ಸುತ್ತಾಟದಿಂದ ಮಕ್ಕಳ ತಲೆಯಲ್ಲಿ ಉಳಿಯುವುದು ಬಹಳ ಕಡಿಮೆ. ಆ ಹೊತ್ತಿಗೆ ಅವರ ಬಳಿ ಹುಡುಕಬೇಕಾದ ಪ್ರಶ್ನೆಯೇ ಇರುವುದಿಲ್ಲ. ಹುಡುಕುವ ಕಲೆಯನ್ನು ಪ್ರಾಜೆಕ್ಟ್ ನಡೆಯುತ್ತಿರುವಾಗಲೇ, ವಿಷಯ ಶಿಕ್ಷಕರೂ ಲೈಬ್ರೇರಿಯನ್ನರೂ ಒಟ್ಟಿಗೆ ನಿಂತು ಕಲಿಸಬೇಕು.

ಪ್ರಾಜೆಕ್ಟ್ ವಿಷಯವನ್ನು ತರಗತಿಯಲ್ಲಿ ಹೇಳುವ ಮೊದಲೇ, ಸಾಧ್ಯವಾದರೆ ಎರಡು ವಾರ ಮುಂಚೆ, ಲೈಬ್ರೇರಿಯನ್ನರಿಗೆ ಕೊಡಿ. 40 ಮಕ್ಕಳಿಗೆ ಒಂದೇ ವಿಷಯ, ಕಪಾಟಿನಲ್ಲಿ ಮೂರು ಪುಸ್ತಕ ಎಂದಾದರೆ ಮೊದಲ ದಿನವೇ ಮೂವರು ಮಕ್ಕಳು ಒಯ್ದುಬಿಡುತ್ತಾರೆ, ಉಳಿದ 37 ಮಕ್ಕಳು ಫೋನ್ ತೆರೆಯುತ್ತಾರೆ. ಮೊದಲೇ ಗೊತ್ತಿದ್ದರೆ ಅವನ್ನು ಮನೆಗೆ ಕೊಡದೆ, ಅಲ್ಲೇ ಕೂತು ಓದಲು ಪ್ರತ್ಯೇಕ ಕಪಾಟಿನಲ್ಲಿ ಇಡಬಹುದು.

ನೀವು ಕೊಡುವ ಪ್ರಶ್ನೆಯನ್ನೂ ಬದಲಿಸಿ. ‘ಜ್ವಾಲಾಮುಖಿಯ ಬಗ್ಗೆ ಬರೆಯಿರಿ’ ಎಂದರೆ ನಕಲು ಸುಲಭ. ‘ಈ ಎರಡು ಜ್ವಾಲಾಮುಖಿಗಳಲ್ಲಿ ಒಂದು ಸಿಡಿಯುತ್ತದೆ, ಒಂದು ನಿಧಾನವಾಗಿ ಹರಿಯುತ್ತದೆ, ಏಕೆ? ಕನಿಷ್ಠ ಮೂರು ಮೂಲಗಳಿಂದ ತೋರಿಸಿ’ ಎಂದರೆ ಹೋಲಿಸಲೇಬೇಕು. ಬರೆದ ಪ್ರಬಂಧಕ್ಕೆ ಮಾತ್ರ ಅಂಕ ಕೊಡದೆ, ಕಾಲು ಭಾಗವನ್ನಾದರೂ ಟಿಪ್ಪಣಿ ಚೀಟಿಗಳಿಗೆ ಮೀಸಲಿಡಿ. ಒಂದು ಚೀಟಿಗೆ ಒಂದೇ ಅಂಶ: ಮೇಲೆ ಮೂಲ ಮತ್ತು ಪುಟಸಂಖ್ಯೆ, ನಡುವೆ ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆದದ್ದು, ಕೆಳಗೆ ‘ಇದರಿಂದ ನನಗೆ ಹುಟ್ಟಿದ ಪ್ರಶ್ನೆ’. ಪುಸ್ತಕ ತೆರೆದಿಟ್ಟು ಬರೆದರೆ ಎರಡು ಪದ ಬದಲಾಗುತ್ತದೆ, ವಾಕ್ಯ ಹಾಗೇ ಉಳಿಯುತ್ತದೆ.

ಗ್ರಂಥಾಲಯ ವಿಜ್ಞಾನದ ಸಂಶೋಧಕಿ ಕ್ಯಾರಲ್ ಕುಲ್ತೌ ಅವರ ಸಂಶೋಧನೆ ತೋರಿಸಿದ ಒಂದು ಅಂಶವನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು: ವಿಷಯ ಆರಿಸಿಕೊಂಡ ಮೇಲೆ, ಓದುತ್ತಾ ಹೋದಂತೆ ವಿದ್ಯಾರ್ಥಿಯ ಗೊಂದಲ ಹೆಚ್ಚುತ್ತದೆ, ಆತ್ಮವಿಶ್ವಾಸ ಕುಸಿಯುತ್ತದೆ. ಮೂಲಗಳು ಒಂದಕ್ಕೊಂದು ತಾಳೆಯಾಗದ ಹಂತ ಅದು. ‘ನನಗೆ ಬರುವುದಿಲ್ಲ’ ಎಂದುಕೊಂಡು ಮಕ್ಕಳು ನಕಲಿಗೆ ಇಳಿಯುವುದು ಅಲ್ಲೇ. ಆದ್ದರಿಂದ ಲೈಬ್ರರಿ ಪೀರಿಯಡ್ ಒಂದೇ ಸಿಗುವುದಾದರೆ ಅದನ್ನು ಮೊದಲ ದಿನಕ್ಕೆ ಇಡಬೇಡಿ, ಪ್ರಾಜೆಕ್ಟ್‌ನ ನಡುವೆ ಇಡಿ. ಗೊಂದಲವಾಗುವುದು ಸಹಜ ಎಂದು ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಚಾಟ್‌ಬಾಟ್ ಕೊಟ್ಟ ಎಂಟು ರೆಫರೆನ್ಸ್‌ಗಳಲ್ಲಿ ಐದು ಎಲ್ಲೂ ಸಿಗುತ್ತಿಲ್ಲ. ಲೇಖಕರ ಹೆಸರು ಮಾತ್ರ ನಿಜ. ಎಲ್ಲಿ ಹುಡುಕಲಿ?

ಉತ್ತರ: ಬಹುಶಃ ಅವು ಇಲ್ಲವೇ ಇಲ್ಲ. ಚಾಟ್‌ಬಾಟ್ ಒಂದು ಪದದ ಮುಂದೆ ಯಾವುದು ಬರಬಹುದೆಂದು ಊಹಿಸುತ್ತಾ ವಾಕ್ಯ ಕಟ್ಟುತ್ತದೆ. ರೆಫರೆನ್ಸ್‌ಗೆ ನಿಶ್ಚಿತ ಆಕಾರ ಇರುವುದರಿಂದ ಸುಳ್ಳು ರೆಫರೆನ್ಸ್ ಕೂಡ ನಿಜದಂತೆಯೇ ಕಾಣುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ಚಾಟ್‌ಜಿಪಿಟಿ ಸೃಷ್ಟಿಸಿದ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು.

ಪರೀಕ್ಷಿಸುವುದು ಹೀಗೆ. ಲೇಖನದ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ‘10.’ ಎಂದು ಶುರುವಾಗುವ ಡಿಒಐ (DOI, ಲೇಖನದ ಗುರುತಿನ ಸಂಖ್ಯೆ) ಇದ್ದರೆ ಅದನ್ನು ತೆರೆಯಿರಿ. ಸಂಖ್ಯೆ ನಿಜವಿದ್ದು ಬೇರೆ ಯಾವುದೋ ಲೇಖನಕ್ಕೆ ಒಯ್ಯುವುದೂ ಉಂಟು. ಬಳಿಕ ಜರ್ನಲ್‌ನ ತಾಣದಲ್ಲಿ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ನೋಡಿ. ಮೂರರಲ್ಲೂ ಸಿಗದಿದ್ದರೆ ಬಿಟ್ಟುಬಿಡಿ. ಸಿಕ್ಕ ಮೂರು ಲೇಖನಗಳನ್ನೂ ಓದದೆ ಬಳಸಬೇಡಿ, ಚಾಟ್‌ಬಾಟ್ ಹೇಳಿದ ಮಾತು ಅದರಲ್ಲಿ ಇಲ್ಲದಿರಬಹುದು. ಲೇಖನವನ್ನು ಜರ್ನಲ್ ಹಿಂತೆಗೆದುಕೊಂಡಿದೆಯೇ ಎಂಬುದನ್ನೂ ನೋಡಿ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಲೇಖನವನ್ನು ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಪೂರ್ತಿಯಾಗಿ ಹಿಂತೆಗೆದದ್ದು 2010ರಲ್ಲಿ. ಇಂದಿಗೂ ಅದನ್ನು ಆಧಾರವೆಂದು ತೋರಿಸುವವರಿದ್ದಾರೆ.

ಪ್ರಶ್ನೆ: ಒಂದು ವೆಬ್‌ಸೈಟ್ ನಂಬಬಹುದೇ ಎಂದು ಹೈಸ್ಕೂಲು ಮಕ್ಕಳು ಹೇಗೆ ತಿಳಿಯಬೇಕು?

ಉತ್ತರ: ಆ ತಾಣದೊಳಗೇ ಕೂತು ತೀರ್ಮಾನಿಸಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವೃತ್ತಿನಿರತ ಫ್ಯಾಕ್ಟ್ ಚೆಕರ್‌ಗಳು, ಇತಿಹಾಸ ಪ್ರಾಧ್ಯಾಪಕರು ಹಾಗೂ ವಿದ್ಯಾರ್ಥಿಗಳನ್ನು ಹೋಲಿಸಿದ್ದರು. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಅಚ್ಚುಕಟ್ಟಾದ ಲೋಗೊ, ವಿಳಾಸ ನೋಡಿ ಹಲವು ಬಾರಿ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಪುಟ ತೆರೆದ ಸ್ವಲ್ಪ ಹೊತ್ತಿಗೇ ಹೊಸ ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ಹುಡುಕಿದರು. ಮಕ್ಕಳಿಗೂ ಇದನ್ನೇ ಅಭ್ಯಾಸ ಮಾಡಿಸಿ. ಈ ಕೆಲಸಕ್ಕೆ ವಿಕಿಪೀಡಿಯ ಒಳ್ಳೆಯದೇ: ಸಂಸ್ಥೆಯ ಪರಿಚಯಕ್ಕೆ ಲೇಖನ, ಮೂಲ ತಲುಪಲು ಕೆಳಗಿನ ಉಲ್ಲೇಖಗಳು. ‘ನಮ್ಮ ಬಗ್ಗೆ’ ಪುಟವನ್ನು ಮಾತ್ರ ಓದಿ ನಂಬುವುದು ಬೇಡ, ಅದನ್ನು ಬರೆದವರು ಅವರೇ.

ಪ್ರಶ್ನೆ: ಬೇಕಾದ ಜರ್ನಲ್ ಲೇಖನ ತೆರೆಯಲು ಹಣ ಕೇಳುತ್ತಿದೆ. ಕೊಡಬೇಕೆ?

ಉತ್ತರ: ಬೇಡ. ಮೊದಲು ಲೈಬ್ರರಿಯ ಲಾಗಿನ್ ಮೂಲಕ ಪ್ರಯತ್ನಿಸಿ. ವಿಶ್ವವಿದ್ಯಾಲಯ ಚಂದಾ ಕಟ್ಟಿದ್ದರೂ ಮನೆಯ ಇಂಟರ್‌ನೆಟ್‌ನಿಂದ ನೇರ ಹೋದರೆ ಪ್ರಕಾಶಕರಿಗೆ ನೀವು ಹೊರಗಿನವರಂತೆ ಕಾಣುತ್ತೀರಿ. ಆಗದಿದ್ದರೆ ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಯ ಕೆಳಗಿರುವ ‘ಎಲ್ಲ ಆವೃತ್ತಿಗಳು’ ಒತ್ತಿ, ಲೇಖಕರ ಸಂಸ್ಥೆಯ ಸಂಗ್ರಹದಲ್ಲಿ ಉಚಿತ ಪ್ರತಿ ಇದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ಲೈಬ್ರೇರಿಯನ್ನರ ಬಳಿ ಅಂತರ ಗ್ರಂಥಾಲಯ ಎರವಲು (ಬೇರೆ ಲೈಬ್ರರಿಯಿಂದ ತರಿಸಿಕೊಡುವ ವ್ಯವಸ್ಥೆ) ಕೇಳಿ. ಹೋಗುವಾಗ ಲೇಖಕರ ಹೆಸರು, ಶೀರ್ಷಿಕೆ, ಜರ್ನಲ್, ಸಂಪುಟ, ಸಂಚಿಕೆ, ವರ್ಷ, ಪುಟಗಳನ್ನು ಬರೆದುಕೊಂಡು ಹೋಗಿ. ತರಿಸಲು ಕೆಲವು ದಿನ ಹಿಡಿಯಬಹುದು, ಪ್ರಬಂಧ ಒಪ್ಪಿಸುವ ಹಿಂದಿನ ದಿನದವರೆಗೆ ಕಾಯಬೇಡಿ.